ಗಾಳಕ್ಕೆ ಮೆತ್ತಗಿನ ದಾರ ಯಾವುದು ತಗೊಳ್ಳಲಿ?

ಗಾಳ ಹಾಕುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: "ರೀಲಿನಿಂದ ಬಿಟ್ಟ ತಕ್ಷಣ ಸ್ಪ್ರಿಂಗ್ ತರಹ ಸುರುಳಿ ಸುತ್ತಿಕೊಳ್ಳದ, ಮೆತ್ತಗಿನ ಮೋನೋ (ಒಂದೇ ಎಳೆಯ) ದಾರ ಯಾವುದು? ಒಂದು ಹೆಸರು ಹೇಳಿಬಿಡಿ." ಅವರಿಗೆ ಬೇಕಿರುವುದು ಬ್ರ್ಯಾಂಡಿನ ಹೆಸರು. ನಾನು ತಿರುಗಿ ಕೇಳುವುದು ಬೇರೆ: ಈಗ ನಿಮ್ಮ ರೀಲಿನಲ್ಲಿರುವ ದಾರ ಎಷ್ಟು ದಪ್ಪ? ಹೆಚ್ಚಿನವರಿಗೆ ಅದು ಎಷ್ಟು ಕೆಜಿ ಎಳೆತ ತಡೆಯುತ್ತದೆ ಎಂದು ಗೊತ್ತಿರುತ್ತದೆ, ದಪ್ಪ ಗೊತ್ತಿರುವುದಿಲ್ಲ.

ಮೆತ್ತಗಿನ ದಾರ ಬೇಕಿದ್ದರೆ ಮೊದಲು ತೆಳ್ಳಗಿನದು ತಗೊಳ್ಳಿ. ಕಂಪನಿ ಯಾವುದು ಅನ್ನೋದು ಆಮೇಲಿನ ಮಾತು.

ಯಾಕೆ ಅಂದರೆ, ದಾರ ದಪ್ಪವಾದ ಹಾಗೆ ಅದರ ಬಲ ವ್ಯಾಸದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಬಿಗಿತ, ಅಂದರೆ ಬಗ್ಗದೆ ಸೆಟೆದು ನಿಲ್ಲುವ ಗುಣ, ಮಾತ್ರ ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. 0.25 ಮಿಲಿಮೀಟರ್ ದಾರ ಬಿಟ್ಟು 0.30ಕ್ಕೆ ಹೋದಿರಿ ಅಂದುಕೊಳ್ಳಿ. ಬಲ ಸುಮಾರು 1.4 ಪಟ್ಟು ಆಯಿತು. ಬಿಗಿತ ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ ಆಯಿತು. "ಇರಲಿ, ದೊಡ್ಡ ಮೀನು ಬಿದ್ದರೆ ಬೇಕಾಗುತ್ತದೆ" ಎಂದು ಒಂದು ಸೈಜ್ ದಪ್ಪ ಹಾಕಿಸಿಕೊಂಡವರೇ ಆಮೇಲೆ ದಾರ ಗಡುಸು ಎಂದು ಬೈಯುತ್ತಾರೆ. ದಾರದ್ದೇನೂ ತಪ್ಪಿಲ್ಲ.

ಹಾಗಾಗಿ ಎರಡು ಸ್ಪೂಲ್‌ಗಳನ್ನು ಹೋಲಿಸುವಾಗ ಕೆಜಿ ನೋಡಿ ಹೋಲಿಸಬೇಡಿ. ಎರಡರ ಮೇಲೂ 4 ಕೆಜಿ ಎಂದೇ ಬರೆದಿರಬಹುದು. ಆದರೆ ಒಂದು 0.22 ಮಿಲಿಮೀಟರ್ ಇರುತ್ತದೆ, ಇನ್ನೊಂದು 0.28. ಎರಡೂ ಒಂದೇ ನೈಲಾನಿನಿಂದ ಆಗಿದ್ದರೂ ಎರಡನೆಯದು ಎರಡೂವರೆ ಪಟ್ಟಿಗಿಂತಲೂ ಬಿಗಿ. ಡಬ್ಬಿಯ ಮೇಲಿನ ಅಂಕಿಗಳನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ. ಮೈಕ್ರೋಮೀಟರ್ ಸಿಕ್ಕರೆ ಒಮ್ಮೆ ಅಳೆದು ನೋಡಿ. ತೆಳ್ಳಗೆ ಎಂದು ಬರೆದು ದಪ್ಪ ದಾರ ಸುತ್ತಿ ಕೊಟ್ಟರೆ ಬಲದ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ, ಅಲ್ವಾ? ಜಪಾನಿನ ದಾರಗಳಲ್ಲಿ ದಪ್ಪವನ್ನು ನಂಬರಿನಲ್ಲಿ ಹೇಳುತ್ತಾರೆ. ಅಲ್ಲಿ 1ನೇ ನಂಬರ್ ಅಂದರೆ 0.165 ಮಿಲಿಮೀಟರ್.

ದಪ್ಪ ನಿರ್ಧಾರವಾದ ಮೇಲೆ ದಾರ ಯಾವುದರಿಂದ ಆಗಿದೆ ಎಂಬುದು ಬರುತ್ತದೆ. ಮೋನೋ ಎಂದು ಮಾರುವುದೆಲ್ಲ ಬಹುಪಾಲು ನೈಲಾನ್. ಕರಗಿದ ನೈಲಾನನ್ನು ಸಣ್ಣ ತೂತಿನಿಂದ ಒತ್ತಿ ತೆಗೆದು, ತಣಿಸಿ, ಮತ್ತೆ ಬಿಸಿ ಮಾಡಿ ಹಲವು ಪಟ್ಟು ಉದ್ದಕ್ಕೆ ಎಳೆಯುತ್ತಾರೆ. ಜಾಸ್ತಿ ಎಳೆದಷ್ಟೂ ಒಳಗಿನ ಅಣುಗಳ ಸರಪಳಿಗಳು ಉದ್ದಕ್ಕೆ ಸಾಲಾಗಿ ನಿಲ್ಲುತ್ತವೆ. ದಾರ ಬಲವಾಗುತ್ತದೆ, ಜೊತೆಗೆ ಬಿಗಿಯೂ ಆಗುತ್ತದೆ. ಎರಡು ಬಗೆಯ ನೈಲಾನ್ ಸೇರಿಸಿ ಮಾಡಿದ ಕೋಪಾಲಿಮರ್ ದಾರಗಳು ಸಾಮಾನ್ಯವಾಗಿ ಮೆತ್ತಗಿರುತ್ತವೆ. ಫ್ಲೋರೋಕಾರ್ಬನ್ ನೋಡಲು ಮೋನೋ ತರಹವೇ ಇದ್ದರೂ ಅದು ಬೇರೆ ಪ್ಲಾಸ್ಟಿಕ್. ಅದೇ ದಪ್ಪಕ್ಕೆ ನೈಲಾನಿಗಿಂತ ಬಿಗಿ, ನೀರಿನಲ್ಲಿ ಬೇಗ ಮುಳುಗುತ್ತದೆ. ಮೆತ್ತಗೆ ಬೇಕು ಎನ್ನುವವರು ರೀಲಿನ ತುಂಬ ಅದನ್ನು ಸುತ್ತಬಾರದು. ಬೇಕಿದ್ದರೆ ತುದಿಗೆ ಲೀಡರ್ ಆಗಿ, ಅಂದರೆ ಕೊಕ್ಕೆಯ ಹತ್ತಿರದ ಒಂದು ತುಂಡಾಗಿ, ಕಟ್ಟಿಕೊಳ್ಳಿ, ಸಾಕು.

ಒಂದೇ ಕಂಪನಿ ಎರಡೂ ಬಗೆಯನ್ನು ಮಾರುವುದೂ ಉಂಟು. ಬರ್ಕ್ಲಿಯವರ ಟ್ರೈಲೀನ್‌ನಲ್ಲಿ ಎಕ್ಸ್‌ಎಲ್ ಎಂಬುದು ಮೆತ್ತಗಿನದು, ಎಕ್ಸ್‌ಟಿ ಎಂಬುದು ಉಜ್ಜಾಟ ತಡೆಯುವ ಗಟ್ಟಿ ದಾರ. ಎರಡು ಗುಣವನ್ನೂ ಒಂದೇ ದಾರದಲ್ಲಿ ಪೂರ್ತಿಯಾಗಿ ಕೊಡಲು ಆಗುವ ಹಾಗಿದ್ದರೆ ಎರಡು ದಾರ ಯಾಕೆ ಬೇಕಿತ್ತು? "ಅತಿ ಮೆತ್ತಗೆ, ಅತಿ ಗಟ್ಟಿ, ಸ್ವಲ್ಪವೂ ಹಿಗ್ಗುವುದಿಲ್ಲ" ಎಂದು ಮೂರನ್ನೂ ಒಟ್ಟಿಗೆ ಬರೆದ ಡಬ್ಬಿಯನ್ನು ನಾನು ಸುಮ್ನೆ ಕೆಳಗಿಡುತ್ತೇನೆ.

ಮೆತ್ತಗಿನ ದಾರಕ್ಕೆ ಕೊಡಬೇಕಾದ ಬೆಲೆ ಏನು? ಕಲ್ಲು, ಚಿಪ್ಪು, ಮುಳುಗಿದ ಮರದ ಕೊಂಬೆಗೆ ಉಜ್ಜಿದರೆ ಅದು ಬೇಗ ಗೀರು ಬೀಳುತ್ತದೆ. ಹಿಗ್ಗುವುದೂ ಸಾಮಾನ್ಯವಾಗಿ ಹೆಚ್ಚು. ನೈಲಾನ್ ಮೋನೋ ಹರಿಯುವ ಮುಂಚೆ 20ರಿಂದ 30 ಪ್ರತಿಶತ ಹಿಗ್ಗಬಲ್ಲದು. ಹತ್ತಿರದಲ್ಲಿ ಬೆಂಡು ಹಾಕಿ ಹಿಡಿಯುವವರಿಗೆ ಇದು ಒಳ್ಳೆಯದೇ, ಮೀನು ಜಗ್ಗಿದಾಗ ದಾರವೇ ಪೆಟ್ಟು ತಿನ್ನುತ್ತದೆ. ದೂರದಲ್ಲಿ ಅಥವಾ ಆಳದಲ್ಲಿ ಮೀನು ಕಚ್ಚಿದಾಗ ಮಾತ್ರ ನೀವು ರಾಡ್ ಎತ್ತಿದ ಬಲ ಕೊಕ್ಕೆಗೆ ಪೂರ್ತಿ ಮುಟ್ಟುವುದಿಲ್ಲ. ಹಾಗಾಗಿ ಸಣ್ಣ ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ), ಬೆಂಡು, ಸ್ಪಿನ್ನಿಂಗ್ ರೀಲ್, ತೆರೆದ ನೀರು ಇದ್ದಲ್ಲಿ ಮೆತ್ತಗಿನದು. ಬಂಡೆ, ಗಿಡಗಂಟಿ, ಭಾರದ ಸೀಸ ಇದ್ದಲ್ಲಿ ಸ್ವಲ್ಪ ಬಿಗಿಯಾದದ್ದೇ ಇರಲಿ.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದಿದ್ದರೆ ಒಂದು ಮೀಟರಿನಷ್ಟು ದಾರ ಬಿಚ್ಚಿ, ತುದಿಯನ್ನು ಸುಮ್ನೆ ಇಳಿಬಿಡಿ. ಸುರುಳಿಗಳು ಎಷ್ಟು ಹತ್ತಿರ ಹತ್ತಿರ ನಿಲ್ಲುತ್ತವೆ ನೋಡಿ. ಆಮೇಲೆ ಅದನ್ನೇ ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಎಳೆದು ಬಿಡಿ. ಒಳ್ಳೆಯ ಮೆತ್ತಗಿನ ದಾರ ಹೆಚ್ಚುಕಡಿಮೆ ನೆಟ್ಟಗಾಗುತ್ತದೆ. ಇಲ್ಲೊಂದು ತೊಡಕಿದೆ. ಅಂಗಡಿಯ ದಾರ ಒಣಗಿರುತ್ತದೆ. ನೈಲಾನ್ ನೀರು ಹೀರುತ್ತದೆ, ಆ ನೀರು ಅಣುಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ಅದಕ್ಕೇ ನೆನೆದ ಮೇಲೆ ದಾರ ಇನ್ನೂ ಮೆತ್ತಗಾಗುತ್ತದೆ, ಬಲವೂ ಸ್ವಲ್ಪ ಇಳಿಯುತ್ತದೆ. ಗಾಳದ ದಾಖಲೆಗಳನ್ನು ಇಡುವ ಐಜಿಎಫ್‌ಎ ಸಂಸ್ಥೆ ದಾರದ ಬಲವನ್ನು ನೆನೆಸಿಯೇ ಅಳೆಯುವುದು ಈ ಕಾರಣಕ್ಕೇ.

ಇದರಿಂದ ಒಂದು ಉಪಯೋಗವೂ ಇದೆ. ತಿಂಗಳುಗಟ್ಟಲೆ ಸುಮ್ನೆ ಕೂತ ರೀಲಿನ ಸ್ಪೂಲನ್ನು ಹೊರಡುವ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ. ಅಷ್ಟೂ ಸಾಲದಿದ್ದರೆ ದಾರದ ತುದಿಯನ್ನು ಮರಕ್ಕೋ ಕಂಬಕ್ಕೋ ಕಟ್ಟಿ, ನೀವು ಎಸೆಯುವಷ್ಟು ದೂರ ಬಿಚ್ಚಿಕೊಂಡು ಹೋಗಿ, ನಿಧಾನಕ್ಕೆ ಎಳೆದು ಅರ್ಧ ನಿಮಿಷ ಹಿಡಿಯಿರಿ. ಹರಿಯುವಷ್ಟು ಎಳೆಯಬೇಡಿ. ಸುರುಳಿ ಬಹಳಷ್ಟು ಬಿಟ್ಟುಹೋಗುತ್ತದೆ.

ಸುರುಳಿ ಬೇರೆ, ಹುರಿ ಬೇರೆ ಎಂಬುದನ್ನೂ ಹೇಳಲೇಬೇಕು. ಸಡಿಲ ಬಿಟ್ಟಾಗ ದಾರ ದುಂಡಗೆ ಉಂಗುರ ಉಂಗುರವಾಗಿ ನಿಂತರೆ ಅದು ಸ್ಪೂಲಿನ ಆಕಾರ ಹಿಡಿದಿದೆ ಎಂದರ್ಥ. ಹಾಗಲ್ಲದೆ ತನ್ನ ಮೇಲೆ ತಾನೇ ಹೆಣೆದುಕೊಂಡರೆ ಅದು ಹುರಿ. ಹುರಿ ಬಿದ್ದಿದ್ದರೆ ಜಗತ್ತಿನ ಅತಿ ಮೆತ್ತಗಿನ ದಾರ ತಂದು ಹಾಕಿದರೂ ಪ್ರಯೋಜನವಿಲ್ಲ. ಇನ್ನೂ ಜಾಸ್ತಿ ಸಿಕ್ಕಾಗುತ್ತದೆ ಅಷ್ಟೇ. ಡ್ರ್ಯಾಗ್ (ರೀಲಿನಲ್ಲಿ ದಾರವನ್ನು ತಡೆದು ಬಿಡುವ ಬ್ರೇಕ್) ಜಾರಿ ದಾರ ಹೊರಗೆ ಹೋಗುತ್ತಿರುವಾಗಲೂ ಹಿಡಿಕೆ ತಿರುಗಿಸುವುದು, ಸುತ್ತುವ ಲೂರನ್ನು ಸ್ವಿವೆಲ್ (ತಿರುಗುವ ಕೊಂಡಿ) ಇಲ್ಲದೆ ಕಟ್ಟುವುದು, ಇವೆರಡರಿಂದಲೇ ಬಹಳ ಸಲ ಹುರಿ ಬೀಳುತ್ತದೆ. ಹರಿಯುವ ನೀರಿನಲ್ಲಿ ತುದಿಗೆ ಏನೂ ಕಟ್ಟದೆ ದಾರವನ್ನು ಉದ್ದಕ್ಕೆ ಬಿಟ್ಟರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಸ್ಪೂಲನ್ನು ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ನಿಲ್ಲುವಂತೆ ತುಂಬಿ. ಮೆತ್ತಗಿನ ದಾರವೇ ಆದರೂ ಅಂಚಿನವರೆಗೆ ತುಂಬಿದರೆ ಗೊಂಚಲು ಗೊಂಚಲಾಗಿ ಹಾರುತ್ತದೆ.

ಗಂಟಿನ ವಿಷಯದಲ್ಲಿ ಮೆತ್ತಗಿನ ದಾರದಷ್ಟು ಸುಖ ಬೇರೆ ಇಲ್ಲ. ಸುತ್ತುಗಳು ಒಂದರ ಪಕ್ಕ ಒಂದು ನೀಟಾಗಿ ಕೂರುತ್ತವೆ. ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಿ ನಿಧಾನಕ್ಕೆ ಬಿಗಿಯಿರಿ. ಒಣ ಗಂಟನ್ನು ರಪ್ಪೆಂದು ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ಅಲ್ಲೇ ಸೋಲುತ್ತದೆ.

"ಎಷ್ಟು ದಿನಕ್ಕೊಮ್ಮೆ ಬದಲಿಸಲಿ?" ಎಂಬುದು ಇದರ ಹಿಂದೆಯೇ ಬರುವ ಪ್ರಶ್ನೆ. ದಿನದ ಲೆಕ್ಕ ಬೇಡ. ಬಿಸಿಲು ನೈಲಾನನ್ನು ಹಾಳು ಮಾಡುತ್ತದೆ, ಮೆತ್ತಗಿದ್ದ ದಾರ ಪೆಡಸಾಗುತ್ತದೆ. ಕೊನೆಯ ಕೆಲವು ಮೀಟರನ್ನು ಬೆರಳುಗಳ ನಡುವೆ ಎಳೆದು ನೋಡಿ. ದೊರಗು ತಾಗಿದರೆ ಅಷ್ಟನ್ನು ಕತ್ತರಿಸಿ. ಬಣ್ಣ ಮಾಸಿ, ಗಂಟು ಹಾಕುವಾಗಲೇ ಹರಿಯತೊಡಗಿದರೆ ಪೂರ್ತಿ ತೆಗೆಯುವ ಕಾಲ ಬಂದಿದೆ. ಮೇಲಿನ ಅರ್ಧ ಮಾತ್ರ ಹಾಳಾಗಿದ್ದರೆ ದಾರವನ್ನು ತಲೆಕೆಳಗು ಮಾಡಿ ಸುತ್ತಬಹುದು. ಬಿಸಿಲು ಕಾಣದ ಅಡಿಯ ಭಾಗ ಮೇಲೆ ಬರುತ್ತದೆ. ಅಲ್ಲಿ ಸುರುಳಿ ಬಿಗಿಯಾಗಿರುವುದರಿಂದ ನೆನೆಸಿ ಎಳೆಯುವ ಕೆಲಸ ಮತ್ತೊಮ್ಮೆ ಮಾಡಬೇಕು. ತೆಗೆದ ದಾರವನ್ನು ದಡದಲ್ಲಿ ಬಿಸಾಡಬೇಡಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಗೇಣುದ್ದಕ್ಕಿಂತ ಚಿಕ್ಕ ತುಂಡು ಮಾಡಿ ಕಸದ ಡಬ್ಬಿಗೆ ಹಾಕಿ.