ಮಾತಿಲ್ಲದ ಆಲ್ಬಮ್ಮಿನಲ್ಲಿ ದೇವರು ಎಲ್ಲಿ?

ನನ್ನ ಹತ್ತಿರ ಗಿಟಾರ್ ಕಲಿಯಲು ಬರುವವರಿಗೆಲ್ಲ ಒಂದು ಆಲ್ಬಮ್ ಕೇಳಿಸುತ್ತೇನೆ. ಫಿಲ್ ಕೇಗಿ ಅವರ ‘ಬಿಯಾಂಡ್ ನೇಚರ್’, 1991ರದ್ದು. ಕೇಗಿ ಅಮೆರಿಕದ ಕ್ರಿಶ್ಚಿಯನ್ ರಾಕ್‌ನ, ಅಂದರೆ ಕ್ರಿಸ್ತಭಕ್ತಿಯ ರಾಕ್ ಸಂಗೀತದ, ಹಿರಿಯ ಕಲಾವಿದರು ಅಂದ ಕೂಡಲೇ ಪ್ರಶ್ನೆ ಬರುತ್ತದೆ: “ಹಾಡೇ ಇಲ್ಲವಲ್ಲ ಸರ್, ಅಕೌಸ್ಟಿಕ್ ಗಿಟಾರೇ ಎಲ್ಲ. ಇದು ಕ್ರಿಶ್ಚಿಯನ್ ಸಂಗೀತ ಹೇಗಾಗುತ್ತೆ?”

ಕೇಳಬೇಕಾದ ಪ್ರಶ್ನೆಯೇ. ವೀಣೆಯಲ್ಲಿ ದೇವರನಾಮ ನುಡಿಸಿದರೆ ಸಾಹಿತ್ಯ ನಮ್ಮ ಮನಸ್ಸಿನಲ್ಲಿ ತಾನಾಗಿ ಓಡುತ್ತಿರುತ್ತದೆ. ಇಲ್ಲಿ ಹಾಗೆ ನೆನಪಾಗಲು ಜಾಸ್ತಿ ಕಡೆ ಸಾಹಿತ್ಯವೇ ಇಲ್ಲ. ಆದರೂ ಇದು ಭಕ್ತಿಯ ಸಂಗೀತವೇ ಅನ್ನುವುದು ನನ್ನ ಉತ್ತರ. ನಂಬಿಕೆ ಒಬ್ಬ ಮನುಷ್ಯನ ಒಳಗೆ ಹೇಗೆ ಬಂತು ಅನ್ನುವುದನ್ನು ಈ ಆಲ್ಬಮ್ ಅವಸರವಿಲ್ಲದೆ, ನಡೆಯುತ್ತಾ ಹೇಳುತ್ತದೆ.

ಕೇಗಿ ಹುಟ್ಟಿದ್ದು 1951ರಲ್ಲಿ, ಓಹಾಯೋದ ಯಂಗ್ಸ್‌ಟೌನ್‌ನಲ್ಲಿ. ‘ಗ್ಲಾಸ್ ಹಾರ್ಪ್’ ಎಂಬ ರಾಕ್ ಬ್ಯಾಂಡಿನಲ್ಲಿದ್ದಾಗ, 1970ರಲ್ಲಿ, ಅವರ ತಾಯಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ದುಃಖದಲ್ಲೇ ಅವರು ಕ್ರಿಸ್ತನ ಕಡೆ ತಿರುಗಿದ್ದು. 1972ರಲ್ಲಿ ಬ್ಯಾಂಡ್ ಬಿಟ್ಟರು.

ಈ ಆಲ್ಬಮ್ಮಿನಲ್ಲಿ ಜರ್ಮನಿಯ ಸಂಗೀತಕಾರ ಬೀಥೋವನ್ನರು ದೊಡ್ಡ ವಾದ್ಯವೃಂದಕ್ಕಾಗಿ ಬರೆದ ಏಳನೇ ಸಿಂಫನಿಯ ಎರಡನೇ ಭಾಗ ಗಿಟಾರಿಗೆ ಇಳಿದು ಬಂದಿದೆ. ತೊಡೆಯ ಮೇಲೆ ತಟ್ಟಿ ನೋಡಿ: ಒಂದು ಉದ್ದ, ಎರಡು ಗಿಡ್ಡ, ಮತ್ತೆ ಎರಡು ಉದ್ದ. ಅಷ್ಟೇ, ಮತ್ತೆ ಮತ್ತೆ ಅದೇ. ಭಾರ ಹೊತ್ತವರು ನಿಲ್ಲದೆ ನಡೆಯುವ ಹೆಜ್ಜೆ ಅದು. ತಾಯಿಯನ್ನು ಕಳೆದುಕೊಂಡ ಆ ಹುಡುಗ ನನಗೆ ಅಲ್ಲಿ ನೆನಪಾಗುತ್ತಾನೆ.

ಈ ಆಲ್ಬಮ್ಮಿನಲ್ಲಿ ನಾನು ಹೆಚ್ಚು ಸಲ ಕೇಳುವುದು ‘ಆಡಿಸನ್ಸ್ ವಾಕ್’ ಎಂಬ ತುಣುಕನ್ನು. ಇದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಮಾಡ್ಲಿನ್ ಕಾಲೇಜಿನ ಮರಗಳ ನಡುವಿನ ಒಂದು ಕಾಲುದಾರಿಯ ಹೆಸರು. 1931ರ ಸೆಪ್ಟೆಂಬರಿನ ಒಂದು ರಾತ್ರಿ ಲೇಖಕ ಸಿ. ಎಸ್. ಲೂಯಿಸ್ ಅಲ್ಲಿ ಇಬ್ಬರು ಗೆಳೆಯರ ಜೊತೆ ಮಾತಾಡುತ್ತಾ ನಡೆದರು. ಒಬ್ಬರು ಮುಂದೆ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿ ಬರೆದ ಟೋಲ್ಕಿನ್, ಇನ್ನೊಬ್ಬರು ಹ್ಯೂಗೋ ಡೈಸನ್. ದೇವರಿದ್ದಾನೆ ಎಂದು ಲೂಯಿಸ್ ಆಗಲೇ ಒಪ್ಪಿದ್ದರು, ಕ್ರಿಸ್ತನನ್ನು ಇನ್ನೂ ಒಪ್ಪಿರಲಿಲ್ಲ. ಗಾಳಿಯಾಡದ ಬೆಚ್ಚಗಿನ ಹೊತ್ತು. ಇದ್ದಕ್ಕಿದ್ದಂತೆ ಜೋರಾಗಿ ಗಾಳಿ ಬೀಸಿತು. ಮಳೆಯೇ ಬಂತೇನೋ ಅನ್ನುವಷ್ಟು ಎಲೆಗಳು ಪಟಪಟ ಉದುರಿದವು. ಮೂವರೂ ಉಸಿರು ಬಿಗಿಹಿಡಿದರು. ಹೀಗೆಂದು ಲೂಯಿಸ್ ಅವರೇ ಗೆಳೆಯನೊಬ್ಬನಿಗೆ ಕಾಗದ ಬರೆದಿದ್ದಾರೆ. ಕೆಲವೇ ದಿನಗಳಲ್ಲಿ ಅವರು ಕ್ರಿಸ್ತನನ್ನು ನಂಬಿದರು.

ಇಷ್ಟೂ ಕಥೆಯಲ್ಲಿ ಕೇಗಿ ಇಟ್ಟುಕೊಂಡದ್ದು ಆ ದಾರಿಯ ಹೆಸರನ್ನು ಮಾತ್ರ. ಉಳಿದದ್ದನ್ನು ತಂತಿಗಳಿಗೆ ಬಿಟ್ಟರು. ‘ಕೌಂಟಿ ಡೌನ್’ ಎಂಬ ಇನ್ನೊಂದು ತುಣುಕು ಕೂಡ ಹಾಗೇ, ಲೂಯಿಸ್ ಪ್ರೀತಿಸಿದ ಉತ್ತರ ಐರ್ಲೆಂಡಿನ ನಾಡು ಅದು. ಹೆಸರು ಗೊತ್ತಿಲ್ಲದವರಿಗೂ ಸಂಗೀತ ಸಿಗುತ್ತದೆ, ಗೊತ್ತಿದ್ದವರಿಗೆ ಇನ್ನೊಂದು ಬಾಗಿಲು ತೆರೆಯುತ್ತದೆ. ಉಪದೇಶಕ್ಕಿಂತ ನನಗೆ ಇದು ಹತ್ತಿರ.

ಕಲಿಯುವವರಿಗೆ ಇನ್ನೊಂದು ವಿಷಯವನ್ನೂ ಹೇಳುತ್ತೇನೆ. ಕೇಗಿ ಅವರ ಬಲಗೈಯ ನಡುಬೆರಳು ಅರ್ಧವೇ ಇರುವುದು. ನಾಲ್ಕನೇ ವಯಸ್ಸಿನಲ್ಲಿ ನೀರಿನ ಪಂಪಿನಿಂದಾದ ಅಪಘಾತ. ನಡುಬೆರಳು ಮಡಚಿಕೊಂಡು ತಂತಿ ಮೀಟಿ ನೋಡಿ ಅನ್ನುತ್ತೇನೆ. ದಿನವೂ ನುಡಿಸುವ ಪಾಠವೇ ತಡವರಿಸುತ್ತದೆ. ಆಮೇಲೆ ಆಲ್ಬಮ್ ಕೇಳುವ ಕಿವಿಯೇ ಬೇರೆಯಾಗಿರುತ್ತದೆ.

‘ದೇವರ ಗಾಳಿ ಇಂದು ನನ್ನನ್ನು ಮುಟ್ಟುತ್ತಿದೆ’ ಅನ್ನುವ ಅರ್ಥದ ಒಂದು ಹಳೆಯ ಸ್ತುತಿಗೀತೆಯೂ ಈ ಆಲ್ಬಮ್ಮಿನಲ್ಲಿದೆ. ಮಾತು ತೆಗೆದು ರಾಗವನ್ನಷ್ಟೇ ನುಡಿಸಿದ್ದಾರೆ. ಆ ರಾತ್ರಿಯ ಎಲೆಗಳ ಕಥೆ ಹೇಳಿ ಮುಗಿಸಿದ ಮೇಲೆ ಅದನ್ನು ಹಾಕುತ್ತೇನೆ, ಫ್ಯಾನ್ ಆರಿಸಿ.