ಬಲೂನಿಗೆ ಚಳಿ ಬೇಕು, ಸಿಲಿಂಡರಿಗೆ ಬೇಡ

ಬೆಂಗಳೂರಿನ ಬಯಲಲ್ಲಿ ಬಿಸಿಗಾಳಿ ಬಲೂನ್ ಎಬ್ಬಿಸಿ ಪಳಗಿದ ತಂಡ ಲೇಹ್ ಕಡೆ ಹೊರಟರೆ ಮೊದಲು ಬರುವ ಪ್ರಶ್ನೆ: ಅಷ್ಟು ತೆಳು ಗಾಳಿಯಲ್ಲಿ ಇದು ಏಳುತ್ತಾ? ಏಳುತ್ತದೆ. 1991ರಲ್ಲಿ ಎವರೆಸ್ಟ್ ದಾಟಿದ ಎರಡು ಬಲೂನುಗಳು ಎದ್ದದ್ದು 4,700 ಮೀಟರಿಗೂ ಎತ್ತರದ ಗೋಕ್ಯೊದಿಂದ.

ಲೆಕ್ಕ ಹೀಗಿದೆ. ಒಳಗಾಳಿ 100 ಡಿಗ್ರಿ ಇದೆ ಅಂದುಕೊಳ್ಳಿ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ, 20 ಡಿಗ್ರಿಯ ಬೆಳಿಗ್ಗೆ, ಒಂದು ಘನ ಮೀಟರ್ ಬಿಸಿಗಾಳಿ ಸುಮಾರು 230 ಗ್ರಾಂ ಎತ್ತುತ್ತದೆ. 3,500 ಮೀಟರಿನ ಲೇಹ್‌ನಲ್ಲಿ, ಮೈನಸ್ 10ರ ನಸುಕಿನಲ್ಲಿ, 255 ಗ್ರಾಂ. ಅಂದರೆ ನಮ್ಮೂರಿಗಿಂತ ಜಾಸ್ತಿ! ಅಲ್ಲೇ ಬಿಸಿಲೇರಿ 20 ಡಿಗ್ರಿ ಆಯಿತೋ, 170ಕ್ಕೆ ಕುಸಿಯುತ್ತದೆ. 2,200 ಘನ ಮೀಟರಿನ ಬಲೂನಿಗೆ ಇದು 560 ಕೆಜಿಗೂ 370 ಕೆಜಿಗೂ ಇರುವ ಅಂತರ. ಬಟ್ಟೆ, ಬುಟ್ಟಿ, ಬರ್ನರ್, ತುಂಬಿದ ಸಿಲಿಂಡರುಗಳ ತೂಕ ಕಳೆದರೆ ಮಧ್ಯಾಹ್ನ ಮನುಷ್ಯರಿಗೆ ಉಳಿಯುವುದು ಅಷ್ಟಕ್ಕಷ್ಟೆ. ಹಾಗಾಗಿ ಸೂರ್ಯ ಮೂಡುವ ಹೊತ್ತೇ ಸರಿ. ಬೆಟ್ಟದ ಗಾಳಿ ಜೋರಾಗಿ ಬೀಸದೆ ಸುಮ್ಮನಿರುವುದೂ ಆಗಲೇ.

ತೊಂದರೆ ಕೊಡುವುದು ಗ್ಯಾಸ್. ಬರ್ನರಿಗೆ ಪ್ರೊಪೇನ್ ತಳ್ಳುವುದು ಅದರದೇ ಒತ್ತಡ. 20 ಡಿಗ್ರಿಯಲ್ಲಿ ಗೇಜ್ ಏಳು ಬಾರ್ ದಾಟಿರುತ್ತದೆ. ಮೈನಸ್ 10ರಲ್ಲಿ ಎರಡೂವರೆ ಆಸುಪಾಸು. ಜ್ವಾಲೆ ಹಳದಿಯಾಗಿ, ಮೆತ್ತಗಾಗಿ, ಸಣ್ಣ ಗಾಳಿಗೂ ವಾಲಿ ಬಲೂನಿನ ಬಾಯಂಚಿನ ಬಟ್ಟೆ ಸುಡುತ್ತದೆ. ಅಡುಗೆ ಗ್ಯಾಸಿನ ಯೋಚನೆಯಂತೂ ಬೇಡ, ಅದರಲ್ಲಿ ಬ್ಯುಟೇನ್ ಬೆರೆತಿರುತ್ತದೆ, ಅದು ಸೊನ್ನೆ ಡಿಗ್ರಿ ಹತ್ತಿರವೇ ಮಂಕಾಗುತ್ತದೆ.

ಪರಿಹಾರ ನೈಟ್ರೋಜನ್: ಸಿಲಿಂಡರಿನ ಮೇಲ್ಭಾಗಕ್ಕೆ ಅದನ್ನು ತುಂಬಿ ಒತ್ತಡವನ್ನು ಏಳು ಬಾರ್‌ಗೆ ತರುವುದು. ಹೊಸಬರು ಎಡವುವುದು ಇಲ್ಲೇ. ಪೈಲಟ್ ಲೈಟ್, ಅಂದರೆ ಬರ್ನರನ್ನು ಹೊತ್ತಿಸಲು ಸದಾ ಉರಿಯುವ ಸಣ್ಣ ಜ್ವಾಲೆ, ಆವಿಯಿಂದ ಉರಿಯುವಂಥದ್ದಾದರೆ ಅದು ಸಿಲಿಂಡರಿನ ಮೇಲ್ಭಾಗದಿಂದ ಎಳೆದುಕೊಳ್ಳುತ್ತದೆ. ಅಲ್ಲಿ ಈಗ ಇರುವುದು ನೈಟ್ರೋಜನ್. ಪೈಲಟ್ ನಂದುತ್ತದೆ, ಎಲ್ಲರೂ ಗಾಳಿಯನ್ನು ಬೈಯುತ್ತಾರೆ. ಪೈಲಟ್ ಲೈಟಿಗೆಂದೇ ನೈಟ್ರೋಜನ್ ತುಂಬದ ಒಂದು ಸಿಲಿಂಡರನ್ನು ಹೊದಿಕೆ ಸುತ್ತಿ ಬೆಚ್ಚಗಿಡಿ. ಗ್ಯಾಸ್ ಖಾಲಿಯಾದಂತೆ ನೈಟ್ರೋಜನ್ ಹಿಗ್ಗಿ ಒತ್ತಡ ಇಳಿಯುತ್ತದೆ, ಗೇಜ್ ಮೇಲೆ ಕಣ್ಣಿರಲಿ.

ಬಲೂನಿಗೆ ಗಾಳಿ ತುಂಬುವ ಫ್ಯಾನಿನ ಎಂಜಿನ್ ಕಪ್ಪು ಹೊಗೆ ಕಾರುತ್ತಾ ಕೆಮ್ಮಿದರೆ ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ. ತೆಳು ಗಾಳಿಯಲ್ಲಿ ಎಂಜಿನ್ನಿನ ಶಕ್ತಿ ತಗ್ಗಿದರೂ ರೆಕ್ಕೆಯ ಭಾರವೂ ತಗ್ಗುತ್ತದೆ, ಆದ್ದರಿಂದ ದೊಡ್ಡ ಫ್ಯಾನ್ ಹೊರುವ ಅಗತ್ಯವಿಲ್ಲ; ಕಾರ್ಬ್ಯುರೇಟರಿಗೆ ಸಣ್ಣ ಜೆಟ್ (ಪೆಟ್ರೋಲ್ ಹಾಯುವ ತೂತಿನ ಬಿಡಿಭಾಗ) ಹಾಕಿದರೆ ಸಾಕು. ಸ್ಪಾರ್ಕ್ ಪ್ಲಗ್ ಎರಡು ಹೆಚ್ಚಿಗೆ ಇರಲಿ.

ಬಲೂನ್ ತಣ್ಣನೆ ಗಾಳಿಯಿಂದ ಮುಕ್ಕಾಲು ತುಂಬುವವರೆಗೆ ಬರ್ನರ್ ಮುಟ್ಟಬೇಡಿ. ಬಾಯಿ ಹಿಡಿಯಲು ಇಬ್ಬರು, ಕ್ರೌನ್ ಲೈನ್‌ಗೆ, ಅಂದರೆ ಬಲೂನಿನ ನೆತ್ತಿಗೆ ಕಟ್ಟಿದ ಹಗ್ಗಕ್ಕೆ, ಗಟ್ಟಿಗರೊಬ್ಬರು. ಮೊದಲ ಉರಿಗಳು ಎರಡು ಮೂರು ಸೆಕೆಂಡಿನವು, ಬಾಯಿಯ ನಟ್ಟನಡುವೆ. ಕೈಗೆ ಚರ್ಮದ ಗವಸು; ಸೋರಿದ ದ್ರವ ಪ್ರೊಪೇನ್ ಚರ್ಮವನ್ನು ಮರಗಟ್ಟಿಸುತ್ತದೆ, ಸಿಂಥೆಟಿಕ್ ಗವಸು ಬೆಂಕಿಗೆ ಕರಗಿ ಅಂಟುತ್ತದೆ.

ವಿಮಾನದಲ್ಲಿ ಬಂದಿಳಿದ ಮರುದಿನವೇ ಹಗ್ಗ ಹಿಡಿಸಬೇಡಿ. ಕ್ರೌನ್ ಲೈನ್ ಎಳೆಯುವವರು ಏದುಸಿರು ಬಿಟ್ಟು ಕೈ ಸಡಿಲಿಸಿದರೆ ಬಲೂನ್ ದಿಢೀರನೆ ಎದ್ದು ಬುಟ್ಟಿಯನ್ನು ಎಳೆದಾಡುತ್ತದೆ. ಎರಡು ಮೂರು ದಿನ ವಿಶ್ರಾಂತಿ ಕೊಡಿ. ಅಷ್ಟರಲ್ಲಿ ರಸ್ತೆಯಲ್ಲಿ ಬರುವ ಸಿಲಿಂಡರುಗಳೂ ಮುಟ್ಟಿರುತ್ತವೆ.