ಅತ್ತೆಯ ಮೂತ್ರದ ಡೈರಿ: ಆಟಿಯಿಂದ ಇಲ್ಲಿವರೆಗೆ

ಅತ್ತೆಗೆ ಮೂತ್ರ ಸೋರುವ ತೊಂದರೆ. "ಬರೆ, ನಮ್ಮ ಪೆರ್ಲದ ಹೆಂಗಸರೂ ಓದಲಿ" ಅಂತ ಅವರೇ ಹೇಳಿದ ಮೇಲೆ ಬರೆಯುತ್ತಿದ್ದೇನೆ.

ಆಟಿ (ತುಳು ತಿಂಗಳು, ಜುಲೈ-ಆಗಸ್ಟ್ ಹೊತ್ತು): ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕಿಲ್ಲ, ಸಕ್ಕರೆಯೂ ಇಲ್ಲ. 3 ದಿನ ಎಲ್ಲ ಬರೆದಿಡಿ ಅಂದರು. ಕುಡಿದದ್ದು ಎಷ್ಟು, ಹೋದದ್ದು ಯಾವಾಗ, ಎಷ್ಟು ಎಂಎಲ್, ಸೋರಿದಾಗ ಏನು ಮಾಡುತ್ತಿದ್ದರು. ಬಚ್ಚಲಲ್ಲಿ ಅಳತೆಯ ಮಗ್ ಇಟ್ಟೆವು.

ಬರೆದು ನೋಡಿದರೆ ತೊಂದರೆ ಒಂದಲ್ಲ, ಎರಡು. ಕೆಮ್ಮಿದಾಗ, ಸೀನಿದಾಗ, ಹಟ್ಟಿಯಲ್ಲಿ ಸೆಗಣಿ ಬುಟ್ಟಿ ಎತ್ತಿದಾಗ ಸ್ವಲ್ಪ ಸೋರುವುದು ಒಂದು. ಅದು ಮೂತ್ರಕೋಶಕ್ಕೆ ಕೆಳಗಿನಿಂದ ಆಸರೆ ಕೊಡುವ ಸ್ನಾಯು ಸಡಿಲವಾದದ್ದರಿಂದ. ಇನ್ನೊಂದು, ಇದ್ದಕ್ಕಿದ್ದಂತೆ ಅವಸರವಾಗಿ ಬಚ್ಚಲು ಮುಟ್ಟುವಷ್ಟರಲ್ಲಿ ಆಗಿಬಿಡುವುದು. ಅಲ್ಲಿ ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಳ್ಳುತ್ತದೆ. ದೊಡ್ಡವರ ಮೂತ್ರಕೋಶ ಸಾಮಾನ್ಯವಾಗಿ 300ರಿಂದ 500 ಎಂಎಲ್ ಹಿಡಿಯುತ್ತದೆ. ಅತ್ತೆಯ ಮಗ್ಗಿನಲ್ಲಿ ಎಷ್ಟೋ ಸಲ 100 ಕೂಡ ಇರಲಿಲ್ಲ.

ಕಾಸರಗೋಡಿಗೆ ಬಸ್ಸು ಹತ್ತುವ ದಿನ ಅವರು ನೀರೇ ಮುಟ್ಟುತ್ತಿರಲಿಲ್ಲವಂತೆ. ಕೇಳಿ ಸಂಕಟವಾಯಿತು. ನೀರು ಕಮ್ಮಿಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆಯೂ ಬರುತ್ತದೆ. ಎರಡರಿಂದಲೂ ಅವಸರ ಜಾಸ್ತಿಯೇ. ಈಗ ಹಗಲಿಡೀ ಸ್ವಲ್ಪ ಸ್ವಲ್ಪ ಕುಡಿಯುತ್ತಾರೆ, ರಾತ್ರಿ ಊಟದ ನಂತರ ಕಮ್ಮಿ. ಚಾ ಎರಡೇ ಲೋಟ.

ಸೋಣ (ಆಟಿಯ ಮುಂದಿನ ತಿಂಗಳು): ಫಿಸಿಯೋಥೆರಪಿಸ್ಟ್ ಆ ಸಡಿಲ ಸ್ನಾಯುವನ್ನು ಬಲಪಡಿಸುವ ಕೆಗೆಲ್ ವ್ಯಾಯಾಮ ಕಲಿಸಿದರು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ವಿಧಾನ. ಗಾಳಿ, ಮೂತ್ರ ಎರಡನ್ನೂ ತಡೆಯುವ ಹಾಗೆ ಒಳಗೆ ಬಿಗಿಹಿಡಿಯಬೇಕು, ಆಮೇಲೆ ಪೂರ್ತಿ ಸಡಿಲ ಬಿಡಬೇಕು. 8 ಸಲ, ದಿನಕ್ಕೆ 3 ಹೊತ್ತು. ಉಸಿರು ಕಟ್ಟಬಾರದು, ತೊಡೆ ಬಿಗಿಯಬಾರದು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ. ಸಂಜೆ ದೀಪ ಹಚ್ಚಿ ಅತ್ತೆ ಕುರ್ಚಿಯಲ್ಲಿ ಕೂರುತ್ತಾರೆ. ಕೆಮ್ಮು ಬರುವ ಮೊದಲೇ ಬಿಗಿಹಿಡಿಯುವುದನ್ನು ಎಷ್ಟು ಬೇಗ ಕಲಿತರು! ಅವಸರವಾದಾಗ ಓಡದೆ, ಬಿಗಿಹಿಡಿದು ಕೆಲವು ನಿಮಿಷ ಕಾಯುವ ಅಭ್ಯಾಸವೂ ನಡೆದಿದೆ.

ಈಗ: ಬುಟ್ಟಿ ಎತ್ತುವಾಗ ಸೋರುವುದು ಕಮ್ಮಿಯಾಗಿದೆ. ರಾತ್ರಿಯ ಅವಸರ ಹಾಗೇ ಇದೆ. ಕತ್ತಲಲ್ಲಿ ಎದ್ದು ಬಿದ್ದರೆ ಕಷ್ಟ ಅಲ್ವಾ, ಬಚ್ಚಲಿನ ದಾರಿಗೆ ಬಲ್ಬು ಹಾಕಿಸಿದೆವು. ವ್ಯಾಯಾಮಕ್ಕೆ ಕನಿಷ್ಠ 3 ತಿಂಗಳು ಕೊಡಬೇಕು. ಆಮೇಲೂ ಅವಸರ ಇಳಿಯದಿದ್ದರೆ ಮಾತ್ರೆ ಇದೆ ಅಂದಿದ್ದಾರೆ. ಉರಿ, ರಕ್ತ ಕಂಡರೆ, ಮೂತ್ರವೇ ಹೋಗದೆ ನಿಂತರೆ ಮಾತ್ರ ಕಾಯಬಾರದು, ಕೂಡಲೇ ವೈದ್ಯರ ಹತ್ತಿರ ಹೋಗಬೇಕು.

ದೀಪಾವಳಿ ಕಳೆದು ಮತ್ತೆ 3 ದಿನ ಡೈರಿ ಬರೆಯುತ್ತೇವೆ.